ಕುಡಿತ: ವಂಶದ ಪಾಲೆಷ್ಟು, ಊರಿನ ಪಾಲೆಷ್ಟು?

ಹೆಣ್ಣು ಕೊಡುವ ಮುನ್ನ ಹುಡುಗನ ಮನೆತನ ವಿಚಾರಿಸುವುದು ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಳೆಯ ರೂಢಿ. ಜಮೀನು ಎಷ್ಟು, ನೀರಾವರಿಯೋ ಖುಷ್ಕಿಯೋ, ಹುಡುಗ ಎಷ್ಟು ಓದಿದ್ದಾನೆ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ, ದನಿ ತಗ್ಗಿಸಿ ಕೇಳುವ ಇನ್ನೊಂದು ಪ್ರಶ್ನೆ ಇರುತ್ತದೆ: ಹುಡುಗನ ಅಪ್ಪ ಕುಡಿಯುತ್ತಾನೆಯೇ? 'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಎಂದು ನಂಬಿದ ಜನ ಅಪ್ಪನಂತೆ ಮಗ ಎಂಬುದನ್ನೂ ನಂಬುತ್ತಾರೆ. ಕುಡಿತ ರಕ್ತದಲ್ಲೇ ಬರುತ್ತದೆ ಎಂಬುದು ಆ ಪ್ರಶ್ನೆಯ ಹಿಂದಿರುವ ಭಯ.

ಅದೇ ಊರುಗಳಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಚಲಾವಣೆಯಲ್ಲಿದೆ. ತಾತ ದಿನಾ ಸಂಜೆ ಕುಡಿದೂ ಎಂಬತ್ತು ವರ್ಷ ಗಟ್ಟಿಯಾಗಿದ್ದ, ನಮ್ಮ ವಂಶಕ್ಕೆ ಅದು ಏನೂ ಮಾಡುವುದಿಲ್ಲ ಎನ್ನುವ ಸಮಾಧಾನದ ಮಾತು ಅದು. ಮೊದಲನೆಯದು ಹುಡುಗನನ್ನು ಹುಟ್ಟುವ ಮೊದಲೇ ಕುಡುಕನೆಂದು ತೀರ್ಮಾನಿಸುತ್ತದೆ. ಎರಡನೆಯದು ಅವನ ಕೈಗೆ ಲೋಟ ಕೊಡುತ್ತದೆ. ಎರಡರಲ್ಲೂ ಅರ್ಧ ಸತ್ಯವಿದೆ ಎನ್ನುತ್ತದೆ ಇಂದಿನ ವೈದ್ಯವಿಜ್ಞಾನ. ಉಳಿದರ್ಧವನ್ನು ರಕ್ತದಲ್ಲಿ ಹುಡುಕಿದರೆ ಸಿಗದು. ಊರಿನ ಹೊಲ, ಕಾಲುವೆ, ಅಂಗಡಿ ಮತ್ತು ಊಟದ ಪಂಕ್ತಿಗಳಲ್ಲಿ ಹುಡುಕಬೇಕು.

ಹಾಗೆ ಹುಡುಕುವುದಕ್ಕೆ ನಿಡಘಟ್ಟ ತಕ್ಕ ಊರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರಿಗೆ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರಿಗೆ ಮೊದಲು ಸಿಗುವ ಊರಿದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯನ್ನು ಬೆಂಗಳೂರು–ನಿಡಘಟ್ಟ, ನಿಡಘಟ್ಟ–ಮೈಸೂರು ಎಂದು ಎರಡು ಭಾಗ ಮಾಡಿ ಕಟ್ಟಿದ್ದರಿಂದ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಯಿತು. ಒಂದು ಕಡೆ ರಾಜಧಾನಿಯ ರಸ್ತೆ, ಇನ್ನೊಂದು ಕಡೆ ಕಬ್ಬಿನ ನಾಡು. ಕಳೆದ ನೂರು ವರ್ಷಗಳಲ್ಲಿ ಹಳೆ ಮೈಸೂರಿನ ಕುಡಿತ ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು ಈ ಸೀಮೆಯ ಚರಿತ್ರೆಯೇ ಸಾಕು. ಆದರೆ ಅದಕ್ಕೆ ಮೊದಲು ದೇಹದ ಒಳಗಿನ ಕಥೆಯನ್ನು ತಿಳಿಯಬೇಕು.

ಯಕೃತ್ತಿನ ಕೆಲಸ

ಹೊಟ್ಟೆಗೆ ಹೋದ ಮದ್ಯವನ್ನು ಕರಗಿಸುವ ಭಾರ ಬಹುಪಾಲು ಯಕೃತ್ತಿನದು. ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಒಂದು ಕಿಣ್ವ ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಇದು ಮದ್ಯಕ್ಕಿಂತಲೂ ಕೆಟ್ಟ ವಿಷ. ಎರಡನೆಯ ಹಂತದಲ್ಲಿ ಇನ್ನೊಂದು ಕಿಣ್ವ ಈ ವಿಷವನ್ನು ಅಸಿಟೇಟ್ ಎಂಬ ನಿರಪಾಯ ವಸ್ತುವಾಗಿಸಿ ಹೊರಹಾಕಲು ಅನುಕೂಲ ಮಾಡಿಕೊಡುತ್ತದೆ. ಕುಡಿಯುವ ಪ್ರಮಾಣ ಈ ಕಿಣ್ವಗಳ ಶಕ್ತಿಯನ್ನು ಮೀರಿದಾಗ ವಿಷ ಯಕೃತ್ತಿನಲ್ಲೇ ಉಳಿದು ಜೀವಕೋಶಗಳನ್ನು ಕೆಡಿಸುತ್ತದೆ.

ಕೆಡುವುದಕ್ಕೂ ಒಂದು ಕ್ರಮವಿದೆ. ಮೊದಲು ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ. ಮಿತಿಮೀರಿ ಕುಡಿಯುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಇದು ಆಗಿಯೇ ಆಗುತ್ತದೆ. ಅನಂತರ ಕೆಲವರಲ್ಲಿ ಉರಿಯೂತ. ಉರಿಯೂತ ಮಾಯುವಾಗ ಗಾಯದ ಕಲೆಯಂತಹ ನಾರು. ಕೊನೆಗೆ ಯಕೃತ್ತಿಡೀ ಗಂಟುಗಂಟಾಗಿ ಗಟ್ಟಿಯಾಗುವ ಸಿರೋಸಿಸ್. ಆಗ ಕಣ್ಣು ಹಳದಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕಾಲು ಬಾಯುತ್ತದೆ, ಕೆಲವರು ರಕ್ತ ವಾಂತಿ ಮಾಡಿಕೊಳ್ಳುತ್ತಾರೆ. ಈ ಹಂತಕ್ಕೆ ಬರುವ ತನಕ ಯಕೃತ್ತು ನೋವನ್ನು ಹೇಳಿಕೊಳ್ಳುವುದೇ ಇಲ್ಲ ಎಂಬುದು ಈ ರೋಗದ ದೊಡ್ಡ ಮೋಸ. ಹತ್ತು ಹದಿನೈದು ವರ್ಷ ಏನೂ ಆಗಲಿಲ್ಲ ಎಂದು ನಂಬಿದ್ದವನಿಗೆ ಒಳಗೆ ಎಲ್ಲವೂ ಆಗುತ್ತಲೇ ಇರುತ್ತದೆ.

ವಂಶದಲ್ಲಿ ಬರುವುದು ಎರಡು

ಕುಡಿತ ವಂಶಪಾರಂಪರ್ಯವಾಗಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಹಲವು ರೀತಿಯಲ್ಲಿ ಪರೀಕ್ಷಿಸಿದ್ದಾರೆ. ಕುಡುಕ ತಂದೆಯ ಮಗ ಕುಡುಕನಾದರೆ ಅದಕ್ಕೆ ಕಾರಣ ರಕ್ತವೋ, ಮನೆಯಲ್ಲಿ ನಿತ್ಯ ಕಂಡ ದೃಶ್ಯವೋ? ಇವೆರಡನ್ನು ಬೇರ್ಪಡಿಸಲು ದತ್ತು ಮಕ್ಕಳ ಅಧ್ಯಯನ ನೆರವಾಯಿತು. ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದ್ದು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡು ಮಕ್ಕಳನ್ನು ಅವರು ಗಮನಿಸಿದರು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದವರಲ್ಲಿ ಶೇ 18ರಷ್ಟು ಮಂದಿ ಮುಂದೆ ವ್ಯಸನಿಗಳಾದರು. ಉಳಿದವರಲ್ಲಿ ಈ ಪ್ರಮಾಣ ಶೇ 5 ಮಾತ್ರ. ಹೆತ್ತವರ ಮುಖವನ್ನೇ ಕಾಣದವರಲ್ಲೂ ಇಷ್ಟು ಅಂತರವಿದ್ದುದರಿಂದ, ರಕ್ತದ ಪಾತ್ರವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಇದೇ ಅಂಕಿಯನ್ನು ತಿರುಗಿಸಿ ಓದಬೇಕು. ವ್ಯಸನಿಗೆ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ 82 ಮಂದಿ ವ್ಯಸನಿಗಳಾಗಲಿಲ್ಲ. ಅವಳಿ ಮಕ್ಕಳ ಮೇಲೆ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ ಸಿಗುವ ಉತ್ತರವೂ ಹೀಗೆಯೇ ಇದೆ: ಮದ್ಯವ್ಯಸನಕ್ಕೆ ಬೀಳುವ ವಿಚಾರದಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಸುಮಾರು ಅರ್ಧ ವಂಶದ್ದು, ಉಳಿದರ್ಧ ಪರಿಸರದ್ದು.

ವಂಶದಿಂದ ಬರುವುದು ಏನು? ಕುಡಿತವೆಂಬ ಗುಣ ಇಡಿಯಾಗಿ ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 1990ರ ದಶಕದಿಂದ ಈ ಬಗ್ಗೆ ಕೆಲಸ ಮಾಡಿದ್ದಾರೆ. ಮದ್ಯವ್ಯಸನಿಗಳ ಹತ್ತಿರದ ಗಂಡು ಬಂಧುಗಳ ಮೆದುಳಿನ ವಿದ್ಯುತ್ ಅಲೆಗಳನ್ನು ಅವರು ಅಳೆದರು. ಹೊಸದೊಂದು ಶಬ್ದವೋ ಚಿತ್ರವೋ ಎದುರಾದಾಗ ಮೆದುಳಿನಲ್ಲಿ ಏಳುವ ಒಂದು ನಿರ್ದಿಷ್ಟ ಅಲೆಯಿದೆ. ಮನೆತನದಲ್ಲಿ ವ್ಯಸನದ ಹೊರೆ ಹೆಚ್ಚಿದಷ್ಟೂ ಆ ಅಲೆ ಚಿಕ್ಕದಾಗಿತ್ತು ಎಂದು 1995ರಲ್ಲಿ ಅವರು ವರದಿ ಮಾಡಿದರು. ಅಂದರೆ ಬರುವುದು ಕುಡಿತವಲ್ಲ. ಆತುರ, ಕುಳಿತಲ್ಲಿ ಕೂರಲಾರದ ಚಡಪಡಿಕೆ, ತನ್ನನ್ನು ತಾನು ತಡೆದುಕೊಳ್ಳುವುದರಲ್ಲಿ ಕೊಂಚ ನಿಧಾನ. ಇಂಥ ಹುಡುಗ ಒಳ್ಳೆಯ ಕಬಡ್ಡಿ ಆಟಗಾರನಾಗಬಹುದು. ಕೈಗೆಟುಕುವಲ್ಲಿ ಮದ್ಯವಿದ್ದರೆ ಬೇರೆಯವರಿಗಿಂತ ಬೇಗ ಅದರ ಹಿಡಿತಕ್ಕೂ ಸಿಗಬಹುದು.

ಯಕೃತ್ತು ಕೆಡುವುದು ಇದಕ್ಕಿಂತ ಬೇರೆಯ ವಿಚಾರ. ಅದಕ್ಕೂ ವಂಶಕ್ಕೂ ಸಂಬಂಧವಿದೆ, ಆದರೆ ಅಲ್ಲಿ ಕೆಲಸ ಮಾಡುವ ವಂಶವಾಹಿಗಳು ಬೇರೆ. ಅಮೆರಿಕದ ಮಾಜಿ ಸೈನಿಕರಾದ ಸುಮಾರು 16,000 ಜೋಡಿ ಅವಳಿಗಳ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 1981ರಲ್ಲಿ ಪ್ರಕಟವಾಯಿತು. ಒಬ್ಬನಿಗೆ ಕುಡಿತದಿಂದ ಸಿರೋಸಿಸ್ ಬಂದಿದ್ದರೆ ಇನ್ನೊಬ್ಬನಿಗೂ ಬಂದಿರುವ ಪ್ರಮಾಣ ತದ್ರೂಪಿ ಅವಳಿಗಳಲ್ಲಿ ಶೇ 14.6, ತದ್ರೂಪಿಯಲ್ಲದ ಅವಳಿಗಳಲ್ಲಿ ಶೇ 5.4 ಎಂದು ಅದು ತೋರಿಸಿತು. ಇದರಲ್ಲಿ ಒಂದಷ್ಟು ಭಾಗ ಕುಡಿತದ ಒಲವೇ ಒಂದಾಗಿರುವುದರಿಂದ ಬಂದದ್ದು. ಎಲ್ಲವೂ ಅದೇ ಅಲ್ಲ ಎಂಬುದು 2010ರ ಸುಮಾರಿಗೆ ಸ್ಪಷ್ಟವಾಯಿತು. ಯಕೃತ್ತಿನಲ್ಲಿ ಕೊಬ್ಬು ಕರಗುವುದನ್ನು ನಿಯಂತ್ರಿಸುವ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯ ಒಂದು ಮಾದರಿ ಇರುವವರಲ್ಲಿ, ಅಷ್ಟೇ ಕುಡಿದರೂ, ಸಿರೋಸಿಸ್ ಬರುವ ಸಂಭವ ಹೆಚ್ಚೆಂದು ಕಂಡುಬಂತು. ಈ ಮಾದರಿ ಭಾರತೀಯರಲ್ಲೂ ಅಪರೂಪವಲ್ಲ. ಇದಕ್ಕೂ ಕುಡಿಯುವ ಆಸೆಗೂ ಸಂಬಂಧವಿಲ್ಲ.

ತಾತನ ಲೆಕ್ಕ

ಈಗ ಎಂಬತ್ತು ವರ್ಷ ಬದುಕಿದ ತಾತನ ಮಾತಿಗೆ ಬರಬಹುದು. ಬಹಳ ವರ್ಷ ವಿಪರೀತ ಕುಡಿದವರಲ್ಲೂ ಸಿರೋಸಿಸ್ ಆಗುವುದು ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ. ಆದ್ದರಿಂದ ಪ್ರತಿ ಊರಿನಲ್ಲೂ ಕುಡಿದೂ ಬದುಕಿದ ತಾತಂದಿರು ಇದ್ದೇ ಇರುತ್ತಾರೆ. ನಲವತ್ತಕ್ಕೇ ಹೊಟ್ಟೆ ಉಬ್ಬಿ ಸತ್ತವರು ಉದಾಹರಣೆ ಹೇಳಲು ಉಳಿದಿರುವುದಿಲ್ಲ, ಅಷ್ಟೆ.

ತಾತನ ಗಟ್ಟಿ ಯಕೃತ್ತು ಮೊಮ್ಮಗನಿಗೆ ಬಂದೇ ಬರುತ್ತದೆ ಎನ್ನುವಂತೆಯೂ ಇಲ್ಲ. ಮೊಮ್ಮಗನಲ್ಲಿ ಆ ತಾತನ ಪಾಲು ಸುಮಾರು ಕಾಲುಭಾಗ. ಉಳಿದದ್ದು ಅಜ್ಜಿಯಿಂದ, ತಾಯಿಯ ಕಡೆಯವರಿಂದ ಬಂದದ್ದು. ಹಾಗಾಗಿ ಕುಡಿಯುವ ಒಲವು ಅಪ್ಪನ ಕಡೆಯಿಂದಲೂ, ಬೇಗ ಕೆಡುವ ಯಕೃತ್ತು ತಾಯಿಯ ಕಡೆಯಿಂದಲೂ ಒಬ್ಬನಲ್ಲೇ ಬಂದು ಸೇರುವುದು ಸಾಧ್ಯ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿ ಇರುವ ಕಡೆ ಇನ್ನೊಂದು ಅಂಶವನ್ನೂ ಸೇರಿಸಿಕೊಳ್ಳಬೇಕು. ಮೇಲೆ ಹೇಳಿದ ವಂಶವಾಹಿಯ ಮಾದರಿ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಅಪಾಯ ಹೆಚ್ಚು. ರಕ್ತಸಂಬಂಧದ ಮದುವೆಯಲ್ಲಿ ಅದು ಎರಡೂ ಕಡೆಯಿಂದ ಬರುವ ಸಂಭವವೂ ಹೆಚ್ಚು.

ಅಣ್ಣ ಮತ್ತು ತಂಗಿ

ಊರಿನ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ದೂರದ ದೇಶಗಳ ಅಧ್ಯಯನ ಬೇಕಿಲ್ಲ. ಒಂದೇ ಮನೆಯ ಅಣ್ಣ ತಂಗಿಯರನ್ನು ನೋಡಿದರೆ ಸಾಕು. ಕುಡಿತಕ್ಕೆ ಸಂಬಂಧಿಸಿದ ವಂಶವಾಹಿಗಳನ್ನು ಹಂಚಿಕೊಳ್ಳುವಾಗ ಪ್ರಕೃತಿ ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ಶೇ 16.5, ಹೆಂಗಸರಲ್ಲಿ ಶೇ 1ಕ್ಕಿಂತ ಕಡಿಮೆ. ಅಪ್ಪನಿಂದ ಅಣ್ಣನಿಗೆ ಬಂದ ಅಪಾಯವೇ ತಂಗಿಗೂ ಬಂದಿರುತ್ತದೆ. ಅವಳನ್ನು ಅದು ಮುಟ್ಟದೆ ಹೋಗುವುದಕ್ಕೆ ಕಾರಣ, ಹೆಣ್ಣು ಕುಡಿಯಬಾರದು ಎಂಬ ಊರಿನ ಕಟ್ಟಳೆ. ಆ ಕಟ್ಟಳೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ರೂಢಿಯೊಂದು ವಂಶವಾಹಿಯನ್ನು ಜೀವನಪೂರ್ತಿ ಮಲಗಿಸಿಡಬಲ್ಲದು ಎಂಬುದಂತೂ ಇದರಿಂದ ಸಿದ್ಧವಾಗುತ್ತದೆ.

ಆಕೆ ಅದನ್ನು ತನ್ನ ಮಗನಿಗೆ ದಾಟಿಸುತ್ತಾಳೆ ಎಂಬುದನ್ನೂ ಮರೆಯುವಂತಿಲ್ಲ. ಹುಡುಗನ ಅಪ್ಪ ಕುಡಿಯುತ್ತಾನೆಯೇ ಎಂದು ಕೇಳುವವರು, ಅವನ ತಾಯಿಯ ಅಣ್ಣತಮ್ಮಂದಿರ ಬಗ್ಗೆ ಕೇಳದಿದ್ದರೆ ಪ್ರಶ್ನೆ ಅರ್ಧಕ್ಕೇ ನಿಂತಂತೆ. ಇನ್ನು ಹೆಂಗಸರು ಕುಡಿದಾಗ, ಗಂಡಸರಿಗಿಂತ ಕಡಿಮೆ ಪ್ರಮಾಣದಲ್ಲೇ, ಕಡಿಮೆ ವರ್ಷಗಳಲ್ಲೇ ಅವರ ಯಕೃತ್ತು ಕೆಡುತ್ತದೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ.

ಈಚಲ ಮರದಿಂದ ಕ್ವಾರ್ಟರ್‌ಗೆ

ಕುಡಿತ ಈ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನೂ ಒಬ್ಬ. ಹಳೆ ಮೈಸೂರಿನ ಬಯಲು ಸೀಮೆಯಲ್ಲಿ ಹೆಂಡವೆಂದರೆ ಈಚಲ ಮರದಿಂದ ಇಳಿಸಿದ್ದು. ಅದನ್ನು ಇಳಿಸುವುದು ಈಡಿಗರ ಕುಲಕಸುಬಾಗಿತ್ತು. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಸಂಕಲನದ ರತ್ನ ಕುಡಿಯುತ್ತಿದ್ದುದೂ ಈ ಹೆಂಡವನ್ನೇ. ಹೆಂಡದಲ್ಲಿ ಮದ್ಯಸಾರದ ಅಂಶ ಸುಮಾರು ಶೇ 5. ಇಳಿಸಿದ ಒಂದೆರಡು ದಿನಗಳಲ್ಲಿ ಹುಳಿಯಾಗುವುದರಿಂದ ಕೂಡಿಡುವಂತಿರಲಿಲ್ಲ, ದೂರಕ್ಕೆ ಸಾಗಿಸುವಂತೆಯೂ ಇರಲಿಲ್ಲ. ಎಷ್ಟು ಕುಡಿಯಬಹುದು ಎಂಬುದಕ್ಕೆ ಮರವೇ ಒಂದು ಮಿತಿ ಹಾಕುತ್ತಿತ್ತು.

ಆ ಮಿತಿಯನ್ನು ಮುರಿದದ್ದು ಕಬ್ಬು. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ಕಾಲುವೆಯಲ್ಲಿ ಹರಿದು ಬಂದಾಗ ಮಂಡ್ಯ, ಮದ್ದೂರು ಸೀಮೆಯ ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಬಟ್ಟಿ ಇಳಿಸಿದರೆ ಸಿಗುವುದೇ ಮದ್ಯಸಾರ. ಸಾರಾಯಿಗೂ, ರಮ್ಮಿಗೂ, ಈ ದೇಶದಲ್ಲಿ ತಯಾರಾಗುವ ಅಗ್ಗದ ವಿಸ್ಕಿ ಬ್ರಾಂದಿಗಳಿಗೂ ಮೂಲ ಬಹುಪಾಲು ಅದೇ. ನಾಡಿಗೆ ಅನ್ನ ಕೊಟ್ಟ ಕಾಲುವೆಯೇ ಪರೋಕ್ಷವಾಗಿ ಗಡಂಗಿಗೂ ಸರಕು ಒದಗಿಸಿತು.

ಇದನ್ನು ತಡೆಯುವ ಪ್ರಯತ್ನಗಳು ನಡೆಯದೆ ಇರಲಿಲ್ಲ. ಗಾಂಧೀಜಿಯ ಕರೆಗೆ ಓಗೊಟ್ಟು 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲಿ ಒಬ್ಬರು. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ಜಾರಿಗೆ ಬಂದ ಪಾನನಿಷೇಧ 1967ರಲ್ಲಿ ತೆರವಾದಾಗ ಮುಖ್ಯಮಂತ್ರಿಯಾಗಿದ್ದವರೂ ಅವರೇ ಎಂಬುದು ಚರಿತ್ರೆಯ ವ್ಯಂಗ್ಯ. ಅಲ್ಲಿಂದ ಮುಂದೆ ಸಾರಾಯಿ ಹರಾಜು ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆದಾಯವಾಯಿತು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಅವರನ್ನು ಕೊಂದದ್ದು ಮೆಥನಾಲ್ ಎಂಬ ಬೇರೊಂದು ವಿಷ.

ಕರಾವಳಿಯನ್ನು ಬಿಟ್ಟು ರಾಜ್ಯದ ಉಳಿದೆಡೆ ಹೆಂಡ ಇಳಿಸುವುದಕ್ಕೆ 2000ರ ದಶಕದ ಮೊದಲ ಭಾಗದಲ್ಲಿ ತಡೆ ಬಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ನಿಷೇಧವಾಯಿತು. ಸಾರಾಯಿಯಿಂದ ಹಾಳಾದ ಮನೆಗಳ ಹೆಂಗಸರು ಇದನ್ನು ಸ್ವಾಗತಿಸಿದ್ದು ಸಹಜ. ಆದರೆ ಕುಡಿಯುವವರು ಕುಡಿತ ಬಿಡಲಿಲ್ಲ. ಬ್ರಾಂದಿ ಅಂಗಡಿಗೆ ಹೋದರು. ಹೆಂಡ ಹೋಯಿತು, ಸಾರಾಯಿ ಹೋಯಿತು, ಅವುಗಳ ಜಾಗದಲ್ಲಿ ಅಗ್ಗದ ವಿಸ್ಕಿಯ ಪುಟ್ಟ ಕಾಗದದ ಪೊಟ್ಟಣ ಬಂತು.

ಯಕೃತ್ತಿನ ದೃಷ್ಟಿಯಿಂದ ಈ ಬದಲಾವಣೆಯ ಲೆಕ್ಕ ಹೀಗಿದೆ. 'ಕ್ವಾರ್ಟರ್' ಎಂದು ಕರೆಯುವ 180 ಮಿಲಿಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅಷ್ಟು ಮದ್ಯಸಾರ ಹೆಂಡದಿಂದ ಸಿಗಬೇಕಾದರೆ ಸುಮಾರು ಒಂದೂವರೆ ಲೀಟರ್ ಕುಡಿಯಬೇಕು. ಅಷ್ಟು ಹೆಂಡ ಕುಡಿಯಲು ಒಂದು ಸಂಜೆ ಬೇಕಾದೀತು. ಕ್ವಾರ್ಟರ್ ಖಾಲಿಯಾಗಲು ಹತ್ತು ನಿಮಿಷ ಸಾಕು. ಹೆಂಡ ಒಳ್ಳೆಯದು ಎಂದು ಇದರ ಅರ್ಥವಲ್ಲ. ಯಾವ ಮದ್ಯಕ್ಕೂ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ತಾತ ಕುಡಿದದ್ದೂ ಮೊಮ್ಮಗ ಕುಡಿಯುತ್ತಿರುವುದೂ ಒಂದೇ ಅಲ್ಲ ಎಂಬುದಷ್ಟೇ ಇದರ ಅರ್ಥ.

ಕುಡಿಯುವ ರೀತಿ

ಎಷ್ಟು ಕುಡಿದ ಎಂಬುದರಷ್ಟೇ ಹೇಗೆ ಕುಡಿದ ಎಂಬುದೂ ಮುಖ್ಯ. ಇಟಲಿಯ ಕಾಂಪೊಗಾಲಿಯಾನೊ, ಕೊರ್ಮೋನ್ಸ್ ಎಂಬ ಎರಡು ಸಣ್ಣ ಊರುಗಳ ಸುಮಾರು 7,000 ಜನರನ್ನು ಪರೀಕ್ಷಿಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ದಿನಕ್ಕೆ 30 ಗ್ರಾಂ ಮದ್ಯಸಾರ ದಾಟಿದ ಮೇಲೆ ಯಕೃತ್ತಿನ ಅಪಾಯ ಏರುತ್ತ ಹೋಗುವುದು ಅಲ್ಲಿ ಕಂಡುಬಂತು. 30 ಗ್ರಾಂ ಎಂದರೆ ಕ್ವಾರ್ಟರಿನ ಅರ್ಧ, ಅಂದರೆ ಒಂದು 'ನೈಂಟಿ'. ಇನ್ನೂ ಗಮನಾರ್ಹವಾದದ್ದು, ಅಷ್ಟೇ ಪ್ರಮಾಣವನ್ನು ಊಟದ ಜೊತೆಗಲ್ಲದೆ ಬೇರೆ ಹೊತ್ತಿನಲ್ಲಿ ಕುಡಿಯುವವರಿಗೆ ಅಪಾಯ ಹೆಚ್ಚು ಎಂಬ ಅಂಶ.

ನಮ್ಮಲ್ಲಿನ ರೂಢಿ ಇದಕ್ಕೆ ತದ್ವಿರುದ್ಧ. ಇಲ್ಲಿ ಮೊದಲು ಕುಡಿತ, ಆಮೇಲೆ ಊಟ; ಎಷ್ಟೋ ದಿನ ಊಟವೇ ಇಲ್ಲ. ಮನೆಯಲ್ಲಿ ಕುಡಿಯುವುದು ಅವಮಾನವಾದ್ದರಿಂದ ಅಂಗಡಿಯ ಮುಂದೆಯೇ ನಿಂತು, ಯಾರಾದರೂ ನೋಡುವ ಮೊದಲು ಒಂದೇ ಗುಟುಕಿಗೆ ಇಳಿಸಿ ಹೋಗುವವರು ಬಹಳ. ಕುಡಿಯುವುದು ಮತ್ತೇರಲಿ ಎಂದೇ ಹೊರತು ರುಚಿಗಲ್ಲ. ಭಾರತದಲ್ಲಿ ಕುಡಿಯದವರೇ ಹೆಚ್ಚಾದರೂ, ಕುಡಿಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಪಾಯಕರ ರೀತಿಯಲ್ಲಿ ಕುಡಿಯುತ್ತಾರೆ ಎಂದು ಡಾ. ಬೆನೆಗಲ್ 2005ರಲ್ಲೇ ಬರೆದಿದ್ದರು.

ಇದರ ಜೊತೆಗೆ ಸಂಭ್ರಮದ ಕುಡಿತ ಬೇರೆ. ಮದುವೆಯ ಮಾರನೆಯ ಬೀಗರ ಊಟ, ಮಾರಿಹಬ್ಬದ ಬಾಡೂಟ, ಚುನಾವಣೆಯ ರಾತ್ರಿಗಳು, ಹೀಗೆ 'ಎಣ್ಣೆ' ಇಲ್ಲದಿದ್ದರೆ ಮರ್ಯಾದೆ ಕಡಿಮೆ ಎಂಬ ಭಾವನೆ ಈಚೆಗೆ ಬಲವಾಗಿದೆ. ಹದಿನೈದು ಹದಿನಾರರ ಹುಡುಗರಿಗೆ ಮೊದಲ ಲೋಟ ಸಿಗುವುದು ಇಂಥ ಪಂಕ್ತಿಗಳಲ್ಲೇ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, 15 ತುಂಬುವ ಮೊದಲೇ ಕುಡಿಯಲು ಆರಂಭಿಸಿದವರಲ್ಲಿ ನೂರಕ್ಕೆ 40 ಮಂದಿ ಮುಂದೆ ಮದ್ಯಕ್ಕೆ ದಾಸರಾಗಿದ್ದರು. 20ರ ಮೇಲೆ ಆರಂಭಿಸಿದವರಲ್ಲಿ ಈ ಸಂಖ್ಯೆ ಸುಮಾರು 10. ವಂಶದಿಂದ ಅಪಾಯ ಹೊತ್ತು ಬಂದ ಹುಡುಗನಿಗೆ ಆ ಐದಾರು ವರ್ಷಗಳು ಅಮೂಲ್ಯವಾದವು.

ಜಪಾನಿನ ಪಾಠ

ರೂಢಿ ವಂಶವಾಹಿಯನ್ನು ಮಲಗಿಸಬಲ್ಲದು ಎಂಬುದನ್ನು ಅಣ್ಣ ತಂಗಿಯರ ಉದಾಹರಣೆಯಲ್ಲಿ ಕಂಡೆವು. ವಂಶವಾಹಿ ಕೊಟ್ಟ ರಕ್ಷಣೆಯನ್ನೂ ರೂಢಿ ಮುರಿಯಬಲ್ಲದು ಎಂಬುದಕ್ಕೆ ಜಪಾನ್ ಸಾಕ್ಷಿ. ಪೂರ್ವ ಏಷ್ಯಾದ ಬಹಳಷ್ಟು ಜನರಲ್ಲಿ, ಮೇಲೆ ಹೇಳಿದ ಎರಡನೆಯ ಹಂತದ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಸ್ವಲ್ಪ ಕುಡಿದರೂ ವಿಷ ಉಳಿದು ಮುಖ ಕೆಂಪಾಗುತ್ತದೆ, ಎದೆ ಡವಗುಟ್ಟುತ್ತದೆ, ವಾಂತಿ ಬರುತ್ತದೆ. ಹೀಗಾಗಿ ಅವರು ಹೆಚ್ಚು ಕುಡಿಯಲಾರರು. ಪ್ರಕೃತಿಯೇ ಹಾಕಿದ ಈ ಬ್ರೇಕು ಭಾರತೀಯರಲ್ಲಿ ತೀರಾ ಅಪರೂಪ.

ಆದರೆ ಜಪಾನಿನ ಮದ್ಯವ್ಯಸನಿಗಳಲ್ಲಿ ಈ ಬ್ರೇಕು ಇದ್ದವರ ಪ್ರಮಾಣ 1979ರಲ್ಲಿ ಶೇ 2.5 ಇದ್ದದ್ದು, 1986ರಲ್ಲಿ ಶೇ 8 ಆಗಿ, 1992ರಲ್ಲಿ ಶೇ 13ಕ್ಕೆ ಏರಿತು. ಹದಿಮೂರು ವರ್ಷಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಸಮಾಜ. ಮೇಲಧಿಕಾರಿಗಳ ಜೊತೆ ಸಂಜೆ ಕುಡಿಯಲೇಬೇಕೆಂಬ ಒತ್ತಾಯದ ಎದುರು ಪ್ರಕೃತಿಯ ತಡೆಯೂ ಸೋತಿತು. ಹುಟ್ಟಿನಿಂದಲೇ ತಡೆ ಇದ್ದವರ ಗತಿಯೇ ಹೀಗಾದರೆ, ಅದು ಇಲ್ಲದ ನಮ್ಮ ಊರುಗಳಲ್ಲಿ ಬೀಗರ ಊಟದ ಒತ್ತಾಯ ಏನು ಮಾಡೀತು ಎಂಬುದನ್ನು ಊಹಿಸಬಹುದು.

ಏನು ಮಾಡಬಹುದು?

ಸರ್ಕಾರದ ಪಾಲು ಸಣ್ಣದಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಊರುಗಳಿಗೆ ಆ ಅಂತರ ಮುಂದೆ 220 ಮೀಟರಿಗೆ ಇಳಿಯಿತು. ಹೆದ್ದಾರಿಯ ಚಾಲಕನಿಗೆ ದೂರವಾದ ಅಂಗಡಿ ಹಳ್ಳಿಯ ಒಳಗಿನ ಮನೆಗಳಿಗೆ ಹತ್ತಿರವಾದದ್ದೂ ಉಂಟು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಆದಾಯದ ಗುರಿ ಇಟ್ಟುಕೊಂಡ ರಾಜ್ಯ, ಜನ ಕಡಿಮೆ ಕುಡಿಯಲಿ ಎಂದು ಮನಸಾರೆ ಬಯಸುವುದು ಕಷ್ಟ.

ಹಾಗೆಂದು ಮನೆಯವರು ಕೈಕಟ್ಟಿ ಕೂರಬೇಕಿಲ್ಲ. ಮೊದಲನೆಯದಾಗಿ, ಮನೆತನದಲ್ಲಿ ಕುಡಿತವಿದ್ದರೆ ಅದನ್ನು ಮುಚ್ಚಿಡದೆ ಮಕ್ಕಳಿಗೆ ತಿಳಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಮಕ್ಕಳಿಗೆ ಎಚ್ಚರ ಹೇಳುವುದಿಲ್ಲವೇ, ಹಾಗೆಯೇ ಇದೂ.

ಎರಡನೆಯದಾಗಿ, ಕಣ್ಣು ಹಳದಿಯಾದ ಕುಡುಕನಿಗೆ ಕಾಮಾಲೆಯೆಂದು ನಾಟಿ ಔಷಧಿ ಕುಡಿಸಿ ಕಾಯುತ್ತ ಕೂರುವುದು ಅಪಾಯ. ಕಾಲ ಕಳೆದಷ್ಟೂ ಯಕೃತ್ತು ಗಟ್ಟಿಯಾಗುತ್ತ ಹೋಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಈಗ ಮಂಡ್ಯದಲ್ಲೇ ಆಗುತ್ತವೆ. ಕೊಬ್ಬಿನ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವೇ ವಾರಗಳಲ್ಲಿ ಯಕೃತ್ತು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಸಿರೋಸಿಸ್ ಆದ ಮೇಲೂ ಬಿಟ್ಟವರು, ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆ.

ಮೂರನೆಯದಾಗಿ, ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಮಾರುವ, ಕುಡಿತ ಬಿಡಿಸುವ ಪುಡಿಗಳ ವಿಚಾರ. ಡೈಸಲ್ಫಿರಾಮ್ ಎಂಬ ಔಷಧಿಯ ಗುಣವನ್ನು 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಕಂಡುಕೊಂಡರು. ಜಪಾನೀಯರಿಗೆ ಪ್ರಕೃತಿ ಹಾಕಿದ ಬ್ರೇಕನ್ನೇ ಈ ಮಾತ್ರೆ ಕೃತಕವಾಗಿ ಹಾಕುತ್ತದೆ: ಎರಡನೆಯ ಹಂತದ ಕಿಣ್ವವನ್ನು ತಡೆದು, ಕುಡಿದರೆ ಸಂಕಟವಾಗುವಂತೆ ಮಾಡುತ್ತದೆ. ರೋಗಿಗೆ ತಿಳಿಸಿ, ಒಪ್ಪಿಸಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಟ್ಟರೆ ಇದು ಸಹಾಯಕ. ತಿಳಿಯದಂತೆ ಕೊಟ್ಟಾಗ ಆತ ಎಂದಿನಂತೆ ಕುಡಿದರೆ ಪ್ರಾಣಕ್ಕೇ ಅಪಾಯ.

ಕೊನೆಯದಾಗಿ, ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವುದೂ ಸಲ್ಲದು. ಕೈ ನಡುಕ, ಮೂರ್ಛೆ, ಇಲ್ಲದ್ದು ಕಾಣುವ ಭ್ರಮೆ ಬಂದು ಸಾವೂ ಸಂಭವಿಸಬಹುದು. 2020ರಲ್ಲಿ ಕೊರೊನಾ ಲಾಕ್‌ಡೌನ್‌ನಿಂದ ಅಂಗಡಿಗಳು ಮುಚ್ಚಿದಾಗ, ಇಂಥ ತೀವ್ರ ಲಕ್ಷಣಗಳಿಂದ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಕುಡಿತ ಬಿಡಿಸಲು ಮೊದಲ ಒಂದು ವಾರ ವೈದ್ಯರ ಆರೈಕೆ ಅಗತ್ಯ. ಎಲ್ಲಿಗೆ ಹೋಗಬೇಕೆಂದು ತೋಚದವರು 14416 ಸಂಖ್ಯೆಯ 'ಟೆಲಿ ಮನಸ್' ದೂರವಾಣಿಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಅಪ್ಪ ಕುಡಿಯುತ್ತಾನೆಯೇ ಎಂದು ಹೆಣ್ಣಿನ ಕಡೆಯವರು ಕೇಳುವ ಪ್ರಶ್ನೆ ತಪ್ಪಲ್ಲ. ಅದರ ಉತ್ತರದಿಂದ ಹುಡುಗನ ಮುಂದಿರುವ ಅಪಾಯ ಗೊತ್ತಾಗುತ್ತದೆ, ಆದರೆ ಅವನ ಹಣೆಬರಹ ಗೊತ್ತಾಗುವುದಿಲ್ಲ. ವ್ಯಸನಿ ತಂದೆಯ ಮಕ್ಕಳಲ್ಲೂ ಹೆಚ್ಚಿನವರು ವ್ಯಸನಿಗಳಾಗುವುದಿಲ್ಲ. ಯಾವ ವಂಶದ ಯಕೃತ್ತೂ ದಿನಕ್ಕೊಂದು ಕ್ವಾರ್ಟರನ್ನು ತಾಳಿಕೊಳ್ಳುವ ಭರವಸೆ ಕೊಡುವುದಿಲ್ಲ. ಹುಟ್ಟಿನಿಂದ ಬಂದದ್ದನ್ನು ಯಾರೂ ಬದಲಿಸಲಾರರು. ಮುಂದಿನ ಬೀಗರ ಊಟದಲ್ಲಿ ಹದಿನಾರರ ಹುಡುಗನ ಮುಂದೆ ಲೋಟ ಇಡಬೇಕೋ ಬೇಡವೋ ಎಂಬುದನ್ನು ಮಾತ್ರ ಆ ಪಂಕ್ತಿಯಲ್ಲಿ ಕುಳಿತ ಹಿರಿಯರೇ ತೀರ್ಮಾನಿಸಬೇಕು.